ಬೆಲ್ಲದ ಗೋದಾಮಿನ ಅಹಿಂಸೆ

ನಾನು ಸ್ವಭಾವತಃ ಸಾಧು. ಹೀಗೆಂದು ಇಪ್ಪತ್ತೆರಡು ವರ್ಷಗಳಿಂದ ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇತ್ತೀಚಿನವರೆಗೆ ಯಾರೂ ಅದನ್ನು ಅಲ್ಲಗಳೆದಿರಲಿಲ್ಲ. ಅಲ್ಲಗಳೆಯಬಲ್ಲವರೆಲ್ಲ ನನ್ನ ತರಗತಿಯಲ್ಲೇ ಕೈಕಟ್ಟಿ ಕೂತಿದ್ದಾರೆ ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಜಿರಲೆ ಕಂಡರೆ ಪೊರಕೆ ಎತ್ತಲಾರದೆ ಗಂಡನನ್ನು ಕೂಗುವವಳು ನಾನು. ತರಕಾರಿಯವನು ಕೊಳೆತ ಟೊಮೆಟೊ ಹಾಕಿದರೆ ಅವನೆದುರು ತುಟಿ ಬಿಚ್ಚದೆ ಮನೆಗೆ ಬಂದು ಬೈಯುವವಳು. ಇಂಥವಳ ಕೈಯಿಂದ ಹಿಂಸೆಯೆ? ಶಿವ ಶಿವಾ! ತರಗತಿಯಲ್ಲಿ ಆಗಾಗ ಮಕ್ಕಳಿಗೆ ಒಂದೊಂದು ಮುಟ್ಟಿಸುತ್ತಿದ್ದೆ, ಅದು ನಿಜ. ಆದರೆ ಮುಟ್ಟಿಸುವುದು ಬೇರೆ, ಹೊಡೆಯುವುದು ಬೇರೆ. ಮಕ್ಕಳನ್ನು ಹೊಡೆಯುವುದಿಲ್ಲ ಎಂದು ಪ್ರತಿ ಜೂನ್ ತಿಂಗಳಲ್ಲಿ ಶಾಲೆಯವರು ಮುಂದಿಡುವ ಕಾಗದಕ್ಕೆ ನಾನು ತಪ್ಪದೆ ಸಹಿ ಹಾಕುತ್ತೇನೆ. ಸಹಿ ಹಾಕುವಾಗ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತೇನೆ, ಕೈ ಖಾಲಿ ಬೇಕಲ್ಲ.

ಆ ಕೋಲಿನ ವಿಷಯವನ್ನೂ ಹೇಳಿಬಿಡಬೇಕು. ನಾನು ಪುಣೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ವಿಷಯ ಕಲಿಸುವವಳು. ಕೋಲು ಇರುವುದು ನಕಾಶೆ ತೋರಿಸಲಿಕ್ಕೆ. ಮಹಾರಾಷ್ಟ್ರ ಎಲ್ಲಿ ಮುಗಿಯುತ್ತದೆ, ಕರ್ನಾಟಕ ಎಲ್ಲಿ ಶುರುವಾಗುತ್ತದೆ ಎಂದು ಅದರ ತುದಿಯಿಂದ ಗೆರೆ ಎಳೆದು ತೋರಿಸುತ್ತೇನೆ. ಗೆರೆಯ ಯಾವ ಕಡೆ ವಿಜಯಪುರ ಇದೆ ಎಂದು ಹೇಳಲಾರದ ಮಕ್ಕಳಿಗೆ ಅದೇ ತುದಿ ಒಂದಿಷ್ಟು ಮುಂದೆ ಬಂದು ಮುಟ್ಟುತ್ತಿತ್ತು. ಹಿಡಿಕೆಯ ಹತ್ತಿರ ಸೀಳು ಬಿಟ್ಟು ನನ್ನ ಅಂಗೈಗೆ ಚುಚ್ಚತೊಡಗಿದಾಗ ಹಸಿರು ಇನ್ಸುಲೇಶನ್ ಟೇಪು ತಂದು ನಾಲ್ಕು ಸುತ್ತು ಸುತ್ತಿದೆ. ಕೋಲಿನಿಂದ ಯಾರಿಗೂ ನೋವಾಗಬಾರದು ಎಂಬ ಕಾಳಜಿ ನನಗಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮಾರ್ಕೆಟ್ ಯಾರ್ಡಿನ ಹಮಾಲರ ಮಕ್ಕಳು. ತಂದೆಯರು ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಬಂದು ಉಳ್ಳಾಗಡ್ಡಿ, ಆಲೂಗಡ್ಡೆ ಚೀಲ ಹೊರುತ್ತಾರೆ. ತಾಯಂದಿರು ಚೀಲದಿಂದ ಉದುರಿದ್ದನ್ನು ಆರಿಸಿ ಮಾರುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಈ ವರ್ಷ ಒಟ್ಟು ಹನ್ನೊಂದು ಮಕ್ಕಳು. ಹಾಜರಿ ಕರೆಯಲು ಶುರು ಮಾಡುವಷ್ಟರಲ್ಲಿ ಮುಗಿದಿರುತ್ತದೆ. ಕಿಟಕಿಯ ಹತ್ತಿರದ ಖಾಲಿ ಬೆಂಚುಗಳ ಮೇಲೆ ಪಾರಿವಾಳಗಳು ಕೂರುತ್ತವೆ, ಅವುಗಳ ಹಾಜರಿ ನಮ್ಮ ಮಕ್ಕಳಿಗಿಂತ ಚೆನ್ನಾಗಿದೆ. ಇಂಥ ಶಾಲೆಯಲ್ಲಿ ಕೆಲಸ ಮಾಡುವವರ ಮುಖದಲ್ಲಿ ನಗು ಕಂಡರೆ ಅದು ನಿವೃತ್ತಿ ಹತ್ತಿರ ಬಂದವರದು ಎಂದು ತಿಳಿಯಬೇಕು. ನನಗಿನ್ನೂ ಹನ್ನೆರಡು ವರ್ಷವಿದೆ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ಕರೆದು ಒಂದು ಸುತ್ತೋಲೆ ಕೈಗಿಟ್ಟರು. ಯಾವುದೋ ಸಂಸ್ಥೆಯವರು ನಗರದ ಶಾಲೆಗಳಿಗೆಲ್ಲ ಒಂದು ಸ್ಪರ್ಧೆ ಇಟ್ಟಿದ್ದರು. ಮಕ್ಕಳು ತಮ್ಮ ಓಣಿಯನ್ನು ಸುಧಾರಿಸಬೇಕು, ಸುಧಾರಣೆ ಸಾರ್ವಜನಿಕ ಕಲೆಯ ಮೂಲಕ ಆಗಬೇಕು, ಕಲೆಯಲ್ಲಿ ಅಹಿಂಸೆಯ ಸಂದೇಶ ಇರಬೇಕು. ಮೊದಲು ಸರ್ವೆ ಮಾಡಬೇಕು. ಮೊದಲಿನದು, ನಡುವಿನದು, ನಂತರದ್ದು ಎಂದು ಮೂರು ಫೋಟೋ ಲಗತ್ತಿಸಬೇಕು. ‘ಬಾಯಾರ, ಇದನ್ನ ನೀವ ನೋಡ್ಕೋರಿ. ಸಮಾಜಾ ಅಂದ್ರ ನಿಮ್ಮ ವಿಷಯಾನ ಅಲ್ಲೇನ್ರಿ?’ ಎಂದರು ಹೆಡ್‌ಮಾಸ್ತರರು. ನಮ್ಮಲ್ಲಿ ಶಿಕ್ಷಕಿಯನ್ನು ಬಾಯಾರು ಎನ್ನುತ್ತಾರೆ. ಓಣಿ, ಕಲೆ, ಅಹಿಂಸೆ ಎಲ್ಲವನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಮುಗಿಸಬಹುದು ಎಂಬ ಈ ಮಿತವ್ಯಯ ನನಗೆ ಹಿಡಿಸಿತು.

ಪ್ರಾಜೆಕ್ಟ್ ಎಂದರೆ ಏನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಪ್ರಾಜೆಕ್ಟ್ ಎಂದರೆ ಸ್ಟೇಶನರಿ ಅಂಗಡಿ. ಅಂಗಡಿಯವನಿಗೆ ವಿಷಯ ಹೇಳಿದರೆ ಸಾಕು, ಚಿತ್ರದ ಹಾಳೆ ಹುಡುಕಿ ಕೊಡುತ್ತಾನೆ. ‘ಜಲಸಂರಕ್ಷಣೆ’ ಎಂದರೆ ನಲ್ಲಿ ಇರುವ ಹಾಳೆ, ‘ಅಹಿಂಸೆ’ ಎಂದರೆ ಕನ್ನಡಕ, ಕೋಲು, ಪಾರಿವಾಳ ಇರುವ ಹಾಳೆ. ಕತ್ತರಿಸಿ ಅಂಟಿಸಿ, ಅಂಚಿಗೆ ಜರಿ ಹಚ್ಚಿದರೆ ಆಯಿತು. ಬೇರೆ ಶಾಲೆಗಳಲ್ಲಿ ಈ ಕೆಲಸವನ್ನು ತಾಯ್ತಂದೆಯರು ಮಾಡುತ್ತಾರೆ. ನನ್ನ ಮಗ ಚಿಕ್ಕವನಿದ್ದಾಗ ಅವನ ಪ್ರಾಜೆಕ್ಟುಗಳನ್ನೆಲ್ಲ ನಮ್ಮವರೇ ಮಾಡಿದ್ದಾರೆ, ಒಂದು ಜ್ವಾಲಾಮುಖಿಗೆ ಅವರಿಗೆ ಎರಡನೆಯ ಬಹುಮಾನ ಬಂದಾಗ ಮೂರು ದಿನ ಊಟ ಸೇರಿರಲಿಲ್ಲ. ಆದರೆ ನಮ್ಮ ಶಾಲೆಯ ಮಕ್ಕಳಿಗೆ ಅಂಥ ತಾಯ್ತಂದೆಯರಿಲ್ಲ, ಹಾಗಾಗಿ ಇಲ್ಲಿ ಪ್ರಾಜೆಕ್ಟ್ ಮಾಡುವವರು ಬಾಯಾರೇ. ಈ ಸಲ ನನ್ನ ಮೇಜಿನ ಮೇಲೆ ಪರೀಕ್ಷೆಯ ಉತ್ತರ ಪತ್ರಿಕೆಗಳು ಬೇರೆ ಬಿದ್ದಿದ್ದವು. ಮಕ್ಕಳೇ ಮಾಡಲಿ ಎಂದು ಬಿಟ್ಟೆ. ಅಧ್ಯಾಪಕಿಯಾಗಿ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದು, ಅದೂ ಸೋಮಾರಿತನದಿಂದ ಆದದ್ದು.

ಸರ್ವೆ ಏನು ಮಾಡಬೇಕು ಎಂದು ಕೇಳಿಕೊಂಡು ಬಂದವಳು ಭಾಗ್ಯಶ್ರೀ. ಹದಿನಾಲ್ಕು ವರ್ಷದ ಹುಡುಗಿ, ಮಾತು ಕಡಿಮೆ. ಚಿತ್ರಕ್ಕೆ ಕೂತರೆ ಮಾತ್ರ ಅವಳ ಕೈಗೆ ಎಲ್ಲಿಲ್ಲದ ಧೈರ್ಯ ಬರುತ್ತಿತ್ತು. ಅವಳಪ್ಪ ಮಲ್ಲಪ್ಪ ಉಳ್ಳಾಗಡ್ಡಿ ವಿಭಾಗದಲ್ಲಿ ಹಮಾಲ. ನಾನು ಪತ್ರಿಕೆಗಳಿಂದ ತಲೆ ಎತ್ತದೆ, ‘ಹಿಂಸೆ ಅಂದ್ರ ಏನವಾ? ಪೆಟ್ಟು ಬೀಳೂದು. ನಿಮ್ಮ ಓಣಿಯೊಳಗ ಯಾರಿಗೆ ಯಾತರಿಂದ ಪೆಟ್ಟು ಬೀಳ್ತದ ಕೇಳ್ಕೊಂಡ ಬರ್ರಿ, ಪಟ್ಟಿ ಮಾಡ್ರಿ’ ಎಂದೆ. ಬೀದಿನಾಯಿ, ರಿಕ್ಷಾ, ತೆರೆದ ಗಟಾರ, ಹೀಗೆ ಏನೋ ಬರುತ್ತದೆ ಎಂದುಕೊಂಡಿದ್ದೆ. ನಾಲ್ಕು ದಿನ ಬಿಟ್ಟು ಪಟ್ಟಿ ಬಂತು: ಸೌಟು, ಲಟ್ಟಣಿಗೆ, ಚಪ್ಪಲಿ, ಪೊರಕೆ, ಸೈಕಲ್ ಪಂಪು, ಬೆಲ್ಟು. ಪಕ್ಕದಲ್ಲಿ ಎಷ್ಟು ಸಲ ಎಂದು ಸಣ್ಣ ಅಂಕಿಗಳಿದ್ದವು. ನಾನು ‘ಲಟ್ಟಣಿಗೆ’ಯಲ್ಲಿ ತಪ್ಪಿದ್ದ ಒತ್ತಕ್ಷರ ತಿದ್ದಿ, ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕಿ ಕಳಿಸಿದೆ. ಓದಲಿಲ್ಲವೆ ಎಂದು ನೀವು ಕೇಳಬಹುದು. ತಿದ್ದುವವರಿಗೂ ಓದುವುದಕ್ಕೂ ಅಂಥ ಸಂಬಂಧವೇನಿಲ್ಲ, ನಮ್ಮ ವೃತ್ತಿಯವರನ್ನು ಯಾರನ್ನಾದರೂ ಕೇಳಿ ನೋಡಿ.

ಇನ್ನು ಗೋಡೆ ಬೇಕು. ಅದನ್ನು ಕೊಟ್ಟವರು ಗುರಪಾದಪ್ಪನವರು, ಮಹಾಲಿಂಗಪುರದ ಕಡೆಯ ಬೆಲ್ಲದ ವ್ಯಾಪಾರಿ. ಹಮಾಲರ ಓಣಿಯ ಬಾಯಲ್ಲೇ ಅವರ ಬೆಲ್ಲದ ಗೋದಾಮಿದೆ. ಅದರ ಉದ್ದನೆಯ ಗೋಡೆಗೆ ಬೆನ್ನು ಕೊಟ್ಟು ಓಣಿಯ ಗಂಡಸರು ಕೂರುತ್ತಾರೆ, ಕೂತವರು ಉಗುಳುತ್ತಾರೆ. ‘ಗ್ವಾಡಿ ತೊಗೋರಿ ಬಾಯಾರ, ಧರ್ಮದ ಕೆಲಸ. ಆದ್ರ ಮ್ಯಾಲ ನಮ್ಮ ಅಂಗಡಿ ಹೆಸರು ದೊಡ್ಡದಾಗಿ ಬರಸ್ರಿ. ಅಹಿಂಸಾಕ್ಕ ಅದರಿಂದ ಏನ್ ಅಡಚಣಿ ಇಲ್ಲಲ್ರಿ?’ ಎಂದು ಕೇಳಿದರು. ಇಲ್ಲವೆಂದೆ. ಬಣ್ಣವನ್ನೂ ಅವರೇ ಕೊಡಿಸಿದರು. ಮಕ್ಕಳು ಗೋಡೆಗೆಲ್ಲ ಹಳದಿ ಬಳಿದು, ಮೇಲೆ ಅಂಗಡಿಯ ಹೆಸರು ಬರೆದು, ಕೆಳಗೆ ಒಂದೊಂದೇ ವಸ್ತು ಬರೆಯತೊಡಗಿದರು. ಒಂದು ವಾರ ಶಾಲೆ ಬಿಟ್ಟ ಮೇಲೆ ಅದೇ ಕೆಲಸ. ಹಾದಿಯಲ್ಲಿ ಒಮ್ಮೆ ಇಣುಕಿ ನೋಡಿದೆ. ಆಳೆತ್ತರದ ಸೌಟು, ಅದರ ಬದಿಗೆ ಲಟ್ಟಣಿಗೆ. ಎಷ್ಟು ಚೆಂದ ಬರೆದಿದ್ದರೆಂದರೆ ಸೌಟಿನ ಬುಡದ ಕರಿ ಕೂಡ ಕೈಗೆ ಹತ್ತುವಂತಿತ್ತು. ಗೃಹಶಾಂತಿಯ ಸಂಕೇತವಿರಬೇಕು ಎಂದುಕೊಂಡು ಬಸ್ ಹಿಡಿದೆ.

ಓಣಿಯವರಿಗೂ ಮೊದಲು ತಿಳಿಯಲಿಲ್ಲ. ಮೇಲೆ ಅಂಗಡಿಯ ಹೆಸರು, ಕೆಳಗೆ ಸೌಟು ಲಟ್ಟಣಿಗೆ! ಗುರಪಾದಪ್ಪನವರು ಬೆಲ್ಲ ಬಿಟ್ಟು ಪಾತ್ರೆ ಸಾಮಾನು ಶುರು ಮಾಡಿದ್ದಾರೆಂದು ಸುದ್ದಿಯಾಯಿತು. ಬೆಲ್ಲ ಕೊಳ್ಳಲು ಬಂದವರೆಲ್ಲ ಚಪ್ಪಲಿ ಯಾವ ನಂಬರಿನವರೆಗೆ ಸಿಗುತ್ತದೆ ಎಂದು ಕೇಳತೊಡಗಿದರು. ಒಬ್ಬ ಮರಾಠಿ ಅಜ್ಜಿ ಗೋದಾಮಿನೊಳಗೇ ನುಗ್ಗಿ, ‘ಅಹೋ ಶೇಠ, ತೋ ಮೋಠಾ ಡಾವ್ ದಾಖವಾ’ ಎಂದು ಆ ದೊಡ್ಡ ಸೌಟು ತೋರಿಸುವಂತೆ ಪಟ್ಟು ಹಿಡಿದಳಂತೆ. ಇಲ್ಲವೆಂದರೆ, ಮತ್ತೆ ಗೋಡೆಯ ಮೇಲೆ ಯಾಕೆ ಬರೆಸಿದ್ದೀರಿ, ಗಿರಾಕಿಗಳಿಗೆ ಮೋಸ ಮಾಡುತ್ತೀರಾ ಎಂದು ಬೀದಿಯಲ್ಲಿ ನಿಂತು ಬೈದಳಂತೆ. ಗುರಪಾದಪ್ಪನವರು ನನಗೆ ಫೋನ್ ಮಾಡಿ, ‘ಬಾಯಾರ, ಅಹಿಂಸಾ ಎಲ್ಲೆ ಅದ ಅದನ್ನ ಲಗೂನ ಬರಸ್ರಿ, ಮಂದಿ ನನ್ನ ಜೀವಾ ತಿನ್ನಾಕತ್ತಾರ’ ಎಂದು ಅಳಲು ತೋಡಿಕೊಂಡರು. ನಾನು ಮಕ್ಕಳಿಗೆ, ಸಂದೇಶದ ಸಾಲು ಬೇಗ ಬರೆಯಿರಿ ಎಂದು ಹೇಳಿದೆ.

ಮರುದಿನ ಅವರು ಬರೆದರು. ಗೋಡೆಯ ಬುಡದಲ್ಲಿ, ಒಂದು ಸಲ ಕನ್ನಡದಲ್ಲಿ, ಒಂದು ಸಲ ಮರಾಠಿಯಲ್ಲಿ: ‘ನಮಗೆ ಪೆಟ್ಟು ಬೀಳುವುದು ಇವುಗಳಿಂದ.’

ನಂತರದ್ದು ಎಂಬ ಫೋಟೋ ತೆಗೆಸಲು ಹೆಡ್‌ಮಾಸ್ತರರ ಜೊತೆ ನಾನು ಅಲ್ಲಿಗೆ ಹೋದದ್ದು ಅದೇ ಸಂಜೆ. ಸಾಲನ್ನು ಓದಿದೆ. ಮತ್ತೊಮ್ಮೆ ಸೌಟು ನೋಡಿದೆ, ಲಟ್ಟಣಿಗೆ ನೋಡಿದೆ. ನಾನೇ ‘ಉತ್ತಮ’ ಎಂದು ಸಹಿ ಹಾಕಿದ ಪಟ್ಟಿ ಅದು ಎಂದು ಆಗ ತಿಳಿಯಿತು. ಬೆಲ್ಟಿನ ಚಿತ್ರವಂತೂ ಎಲ್ಲಕ್ಕಿಂತ ದೊಡ್ಡದು. ಸುರುಳಿ ಬಿಚ್ಚುತ್ತಿರುವ ಹಾಗೆ, ಹಿತ್ತಾಳೆಯ ಬಕಲ್ಲು ಮುಂದೆ ಬರುವ ಹಾಗೆ ಬರೆದಿತ್ತು. ಅದು ಭಾಗ್ಯಶ್ರೀಯ ಕೈ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಯ್ಯೋ ಮಕ್ಕಳೇ ಎಂದು ಮರುಗುತ್ತ ಗೋಡೆಯ ಬಲ ತುದಿಗೆ ಬಂದೆ. ಅಲ್ಲಿ ಉದ್ದಕ್ಕೆ ಒಂದು ಕೋಲು, ಹಿಡಿಕೆಗೆ ಹಸಿರು ಟೇಪು, ಸರಿಯಾಗಿ ನಾಲ್ಕು ಸುತ್ತು. ಪಟ್ಟಿಯಲ್ಲಿ ಅದಿರಲಿಲ್ಲ. ಬಾಯಾರಿಗೆ ತೋರಿಸುವ ಪಟ್ಟಿಯಲ್ಲಿ ಏನು ಬಿಡಬೇಕು ಎನ್ನುವ ಬುದ್ಧಿಯನ್ನು ನಾನೇ ತಾನೇ ಕಲಿಸಿದ್ದು. ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ‘ಇದೇನ್ರಿ ಬಾಯಾರ, ಮೀನ ಹಿಡಿಯೂ ಕೋಲೇನು?’ ಎಂದು ಕೇಳಿದರು. ಹನ್ನೊಂದೂ ಮಕ್ಕಳು ನೆಲ ನೋಡುತ್ತಿದ್ದರು. ನಾನು, ‘ಇರಬಹುದ್ರಿ’ ಎಂದೆ. ಫೋಟೋ ತೆಗೆಸುವುದು ಅಂದು ಹಾಗೇ ಉಳಿಯಿತು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಚಾಕಣದ ಒಂದು ಕಾರಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವರು. ದೋಷ ಹುಡುಕುವುದೇ ನೌಕರಿ. ಮನೆಗೆ ಬಂದ ಮೇಲೂ ಓವರ್‌ಟೈಮ್ ಮಾಡುತ್ತಾರೆ. ಸಮಾಧಾನ ಹೇಳುತ್ತಾರೆಂದು ನಾನು ಕಾದರೆ, ‘ಚಿತ್ರಾ ಹೆಂಗ ಬಂದದ? ಟೇಪು ಹಸಿರಾನ ಹಚ್ಯಾರ? ಹಂಗಾರ ಹುಡುಗರು ಹುಷಾರ ಇದ್ದಾರ ಬಿಡು’ ಎಂದು ನಕ್ಕರು. ‘ನಾ ಹೊಡಿಯಾಕಿ ಅಂತ ಬರದಾರ್ರೀ!’ ಎಂದೆ. ‘ನೀ ಹೊಡಿಯಂಗಿಲ್ಲೇನು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಪ್ಪಿನಕಾಯಿ ಹಾಕಿಸಿಕೊಂಡರು. ಇಪ್ಪತ್ತೆರಡು ವರ್ಷ ಸಾಧುವಾಗಿ ಬಾಳಿದವಳು ಅಂದು ಅವರಿಗೆ ಎರಡನೆಯ ಸಲ ಅನ್ನ ಬಡಿಸಲಿಲ್ಲ.

ಗೋಡೆ ಓಣಿಯಲ್ಲಿ ಮಾಡಿದ್ದನ್ನು ಮಾತ್ರ ಹೇಳಲೇಬೇಕು. ಯಾರೂ ಜಗಳಕ್ಕೆ ಬರಲಿಲ್ಲ. ಬರುವುದು ಹೇಗೆ? ಸೌಟು ನಮ್ಮದು ಎಂದು ಬಾಯಿ ಬಿಟ್ಟು ಒಪ್ಪಿಕೊಳ್ಳುವವರು ಯಾರು? ಸೌಟಿನ ಹಿಡಿಕೆ ಸೊಟ್ಟಗಿತ್ತು. ಅಂಥ ಸೌಟು ಓಣಿಯಲ್ಲಿ ಒಂದೇ ಇತ್ತು. ಅದರ ಒಡತಿ ಶಾಂತವ್ವ ಮರುದಿನವೇ ಹೊಸ ಸೌಟು ಕೊಂಡು ತಂದಳಂತೆ. ಸೈಕಲ್ ಪಂಪಿನವನು ಪಂಪನ್ನು ಮಾಳಿಗೆ ಮೇಲೆ ಎಸೆದನಂತೆ, ಈಗ ಗಾಳಿ ತುಂಬಿಸಲು ಅರ್ಧ ಮೈಲಿ ತಳ್ಳಿಕೊಂಡು ಹೋಗುತ್ತಾನೆ. ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ ಗಂಡಸರು ಎದ್ದು ಬೇರೆ ಕಡೆ ಹೋದರು. ಬೆಲ್ಟಿನ ಕೆಳಗೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಉಗುಳುವುದು ನಿಂತಿತು. ಇದನ್ನೇ ತಾನೇ ಸುತ್ತೋಲೆಯಲ್ಲಿ ಓಣಿಯ ಸುಧಾರಣೆ ಎಂದು ಬರೆದಿದ್ದದ್ದು?

ಎಂಟು ದಿನ ಕಳೆದ ಮೇಲೆ ಬಿಡುವಿನ ವೇಳೆಯಲ್ಲಿ ಭಾಗ್ಯಶ್ರೀ ನನ್ನ ಮೇಜಿನ ಹತ್ತಿರ ಬಂದು ನಿಂತಳು. ‘ಬಾಯಾರ, ಆ ಚಿತ್ರಾ ಎಷ್ಟ ದಿನಾ ಇಡ್ತಾರ್ರಿ?’ ಎಂದು ಕೇಳಿದಳು. ಯಾಕೆ ಎಂದೆ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ, ‘ಎಂಟ ದಿನಾ ಆತ್ರಿ, ಅಪ್ಪ ಬೆಲ್ಟಿಗೆ ಕೈ ಹಚ್ಚಿಲ್ಲ. ಉಳ್ಳಾಗಡ್ಡಿ ಗಾಡಿ ಮ್ಯಾಲಿನ ಮಂದಿ, ಚಾದ ಅಂಗಡಿ ಮಂದಿ ಎಲ್ಲಾ ಕೇಳ್ತಾರಂತ್ರಿ ಅದು ಯಾರ ಮನೀದು ಅಂತ. ಅದು ಅಲ್ಲೆ ಇರೂತನಾ ಹೊಡಿಯಂಗಿಲ್ರಿ ಅಪ್ಪ’ ಎಂದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಅಂದು. ನಾನು, ‘ಅಂಜಬ್ಯಾಡವಾ. ಆಯಿಲ್ ಪೇಂಟು ಅದು, ಹತ್ತ ವರ್ಷ ಏನೂ ಆಗಂಗಿಲ್ಲ’ ಎಂದೆ. ಹತ್ತು ವರ್ಷ ಎನ್ನುವಾಗ ಆ ಹುಡುಗಿ ಮನಸ್ಸಿನಲ್ಲೇ ತನ್ನ ವಯಸ್ಸಿಗೆ ಹತ್ತು ಕೂಡಿಸಿದ್ದು ನನಗೆ ಕಂಡಿತು. ಅವಳ ಮುಖ ಹಗುರಾಯಿತು.

ಇಷ್ಟಾದ ಮೇಲೂ ನಾನು ಮಾಡಿದ್ದನ್ನು ಕೇಳಿ. ಸ್ಪರ್ಧೆಯವರು ಸೋಮವಾರ ಗೋಡೆ ನೋಡಲು ಬರುತ್ತಾರೆಂದು ಪತ್ರ ಬಂತು. ಮಾರ್ಗದರ್ಶಕ ಶಿಕ್ಷಕರು ಗೋಡೆಯ ಮುಂದೆ ನಿಂತು ಪ್ರತಿ ಚಿತ್ರವನ್ನೂ ವಿವರಿಸಬೇಕು ಎಂದು ಅದರಲ್ಲಿತ್ತು. ಸೌಟು ವಿವರಿಸಬಲ್ಲೆ. ಲಟ್ಟಣಿಗೆ, ಚಪ್ಪಲಿ ವಿವರಿಸಬಲ್ಲೆ, ಬೆಲ್ಟಿನ ಮುಂದೆ ನಿಂತು ಎರಡು ಹನಿ ಕಣ್ಣೀರನ್ನೂ ತರಬಲ್ಲೆ. ಬಲ ತುದಿಗೆ ಬಂದ ಮೇಲೆ ಏನು ಹೇಳಲಿ? ಮೀನು ಹಿಡಿಯುವ ಕೋಲು ಎನ್ನಲೇ? ಎರಡು ದಿನ ಯೋಚಿಸಿ, ಶನಿವಾರ ಯಾರ್ಡಿಗೆ ರಜೆಯಿದ್ದ ದಿನ, ಬೆಳಗ್ಗೆ ಆರೂವರೆಗೆ ಎದ್ದು, ಶಾಲೆಯಲ್ಲಿ ಉಳಿದಿದ್ದ ಹಳದಿ ಬಣ್ಣದ ಡಬ್ಬಿಯನ್ನೂ ಒಂದು ಬ್ರಶ್ಶನ್ನೂ ಕಾಯಿಪಲ್ಯದ ಚೀಲದಲ್ಲಿಟ್ಟುಕೊಂಡು ಓಣಿಗೆ ಹೋದೆ. ನನ್ನದೊಂದನ್ನು ಅಳಿಸಿದರೆ ಬೆಲ್ಟಿಗೇನು ನಷ್ಟ? ಗೋಡೆ ಅಷ್ಟು ಉದ್ದವಿದೆ, ಒಂದು ಕೋಲು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ದಾರಿಯುದ್ದಕ್ಕೂ ಹೀಗೆ ನನಗೆ ನಾನೇ ಪಾಠ ಮಾಡಿಕೊಂಡೆ.

ಮೂರು ಸಲ ಬ್ರಶ್ಶು ಆಡಿಸಿದರೂ ಹಸಿರು ಟೇಪು ಇಣುಕುತ್ತಲೇ ಇತ್ತು. ನಾಲ್ಕನೆಯ ಸಲ ಬಳಿಯುವಾಗ ಹಿಂದಿನಿಂದ, ‘ಏನ್ರಿ ಬಾಯಾರ, ಅಳಸಾಕತ್ತೀರೇನ್ರಿ?’ ಎಂಬ ದನಿ ಕೇಳಿತು. ಶಾಂತವ್ವ, ಬಾಯಲ್ಲಿ ಹಲ್ಲಿಗೆ ತಿಕ್ಕುವ ತಂಬಾಕಿನ ಮಿಶ್ರಿ, ಕೈಯಲ್ಲಿ ತಂಬಿಗೆ. ‘ಇಲ್ಲವಾ, ಬಣ್ಣಾ ಒಂದೀಟ ಸರಿ ಮಾಡಾಕತ್ತಿದ್ನಿ’ ಎಂದೆ. ಅವಳು ಗೋಡೆ ನೋಡಿದಳು, ನನ್ನ ಮುಖ ನೋಡಿದಳು, ಮಿಶ್ರಿ ಉಗುಳಿದಳು. ‘ಆ ಕೋಲು ನಿಮ್ಮದೇನ್ರಿ? ನಮ್ಮ ಹುಡುಗಿ ಹೇಳಿದ್ಲು, ನಾ ಖರೇ ಅನ್ಕೊಂಡಿದ್ದಿಲ್ಲ’ ಎಂದಳು. ‘ತಡ ಆತವಾ, ಬರ್ತೀನಿ’ ಎಂದು ಚೀಲ ಹಿಡಿದು ಬಸ್ ಸ್ಟಾಪಿನ ಕಡೆ ಓಡಿದೆ. ಮನೆ ತಲುಪಿದ ಮೇಲೆ ನೋಡಿದರೆ ಚೀಲ ಖಾಲಿ. ಡಬ್ಬಿಯನ್ನೂ ಬ್ರಶ್ಶನ್ನೂ ಗೋಡೆಯ ಬುಡದಲ್ಲೇ ಬಿಟ್ಟು ಬಂದಿದ್ದೆ.

ಮುಂದಿನದನ್ನು ಮಕ್ಕಳು ಹೇಳಿದರು. ನಾನು ಅತ್ತ ಹೋಗುತ್ತಲೇ ಶಾಂತವ್ವ ಸೆರಗು ಬಿಗಿದು ಸೌಟಿಗೆ ಬಣ್ಣ ಬಳಿದಳು. ‘ಬಾಯಾರ ತಮ್ಮದು ತಾವ ಅಳಸ್ಕೊಂಡ ಹೋಗ್ಯಾರ, ಓದಿದವರು ಮಾಡಿದ ಮ್ಯಾಲ ನಮದೇನು?’ ಎಂದಳಂತೆ. ಅವಳನ್ನು ಕಂಡು ಲಟ್ಟಣಿಗೆಯವಳು ಬಂದಳು. ಚಪ್ಪಲಿಯವನು, ಪಂಪಿನವನು ಬಂದರು. ಪೊರಕೆಯ ಮನೆಯಿಂದ ಅತ್ತೆ ಸೊಸೆ ಇಬ್ಬರೂ ಬಂದು, ಅದು ನನ್ನ ಪೊರಕೆ ನಿನ್ನದಲ್ಲ ಎಂದು ಅಷ್ಟರಲ್ಲೇ ಒಂದು ಜಗಳ ಮಾಡಿ ಮುಗಿಸಿದರಂತೆ. ಡಬ್ಬಿ ಕೈಯಿಂದ ಕೈಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಹೆಸರಿನ ಕೆಳಗೆ ಉಳಿದದ್ದು ಬೆಲ್ಟು ಮತ್ತು ಕೆಳಗಿನ ಸಾಲು. ಭಾಗ್ಯಶ್ರೀ ಊಟಕ್ಕೂ ಹೋಗದೆ ಬೆಲ್ಟಿಗೆ ಬೆನ್ನು ಹಚ್ಚಿ ನಿಂತಿದ್ದಳಂತೆ. ನಾಲ್ಕು ಗಂಟೆಗೆ ಮಲ್ಲಪ್ಪ ಬಂದ. ಏನೂ ಬೈಯಲಿಲ್ಲ. ಮಗಳ ತೋಳು ಹಿಡಿದು ಬದಿಗೆ ಸರಿಸಿ, ಡಬ್ಬಿಯ ತಳ ಕೆರೆದು ಬೆಲ್ಟು ಅಳಿಸಿದ, ಉಳಿದ ಬಣ್ಣದಲ್ಲಿ ಸಾಲನ್ನೂ ಅಳಿಸಿದ.

ಸೋಮವಾರ ತೀರ್ಪುಗಾರರು ಬಂದರು. ಕೈಮಗ್ಗದ ಸೀರೆ ಉಟ್ಟ ಒಬ್ಬ ಮೇಡಮ್ಮು, ಗಡ್ಡ ಬಿಟ್ಟ ಒಬ್ಬ ತರುಣ. ಅವರೆದುರು ಇದ್ದದ್ದು ಬೆಲ್ಲದಂಗಡಿಯ ಹೆಸರು, ಅದರ ಕೆಳಗೆ ಉದ್ದಕ್ಕೆ ಬರೀ ಹಳದಿ. ಹೆಡ್‌ಮಾಸ್ತರರು ಬೆವರು ಒರೆಸಿಕೊಂಡು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಮೇಡಮ್ಮು ಕಣ್ಣು ಅರೆಮುಚ್ಚಿ, ‘ಕಿತೀ ಶಾಂತ!’ ಎಂದು ಉಸಿರು ಬಿಟ್ಟರು. ಎಷ್ಟು ಪ್ರಶಾಂತವಾಗಿದೆ, ಮಾತಿಲ್ಲದೆ ಎಲ್ಲ ಹೇಳಿದ್ದೀರಿ, ಉಳಿದ ಶಾಲೆಗಳಲ್ಲಿ ಅದೇ ಪಾರಿವಾಳ ನೋಡಿ ನೋಡಿ ಸಾಕಾಗಿತ್ತು ಎಂದರು. ಹಳದಿಯಲ್ಲಿ ಅಲ್ಲಲ್ಲಿ ದಪ್ಪ, ತೆಳು ಇರುವುದು ಮನುಷ್ಯನ ಮನಸ್ಸಿನ ಏರಿಳಿತವೇ ಎಂದು ತರುಣ ಕೇಳಿದ. ಹೌದು ಎಂದೆ. ಇನ್ನೇನು ಹೇಳಲಿ? ಮಕ್ಕಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಭಾಗ್ಯಶ್ರೀ ಅಂದು ಬಂದಿರಲಿಲ್ಲ.

ಅವಳು ಬಂದದ್ದು ಬುಧವಾರ, ಮಧ್ಯಾಹ್ನದ ಬಿಸಿಲೇರಿದರೂ ತುಂಬು ತೋಳಿನ ಸ್ವೆಟರ್ ಬಿಚ್ಚಿರಲಿಲ್ಲ. ಅದೇ ದಿನ ನಮ್ಮ ಶಾಲೆಗೆ ಉತ್ತೇಜನಾರ್ಥ ಬಹುಮಾನ ಬಂದ ಸುದ್ದಿಯೂ ಬಂತು. ಹೆಡ್‌ಮಾಸ್ತರರು ಪೇಢೆ ಹಂಚಿದರು. ಭಾಗ್ಯಶ್ರೀ ಪೇಢೆ ಇಸಿದುಕೊಳ್ಳಲು ಕೈ ಚಾಚಿದಾಗ ಸ್ವೆಟರಿನ ತೋಳು ತುಸು ಮೇಲೆ ಸರಿಯಿತು. ನಾನು ಕಂಡೆ. ನಾನು ಕಂಡದ್ದನ್ನು ಅವಳೂ ಕಂಡಳು, ತೋಳು ಎಳೆದುಕೊಂಡಳು. ನನ್ನ ಕೈಯಲ್ಲಿದ್ದ ಪೇಢೆ ಏನು ಮಾಡಿದೆನೋ ನೆನಪಿಲ್ಲ. ನನ್ನ ಜನ್ಮದಲ್ಲಿ ನನ್ನ ಬಗ್ಗೆ ನನಗೆ ಅಷ್ಟು ಹೇಸಿಕೆ ಎಂದೂ ಆಗಿರಲಿಲ್ಲ.

ಸಂಜೆ ನೇರವಾಗಿ ಮಲ್ಲಪ್ಪನ ಮನೆಗೆ ಹೋದೆ. ದಾರಿಯಲ್ಲಿ ಎಂಥೆಂಥ ಮಾತು ಜೋಡಿಸಿಕೊಂಡಿದ್ದೆ! ಆತ ಎದ್ದು ನಿಂತು, ಚಾಪೆ ಝಾಡಿಸಿ, ‘ಬರ್ರಿ ಬಾಯಾರ, ಕೂಡ್ರಿ’ ಎಂದು ಹೆಂಡತಿಗೆ ಚಹಾ ಇಡಲು ಹೇಳಿದ. ಮಗಳ ತೋಳಿನ ಮಾತೆತ್ತಿದೆ. ಇದು ಅಪರಾಧ, ಕೇಸಾಗುತ್ತದೆ ಎಂದೆ. ಅವನು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. ‘ಖರೆ ಹೇಳ್ತೀನ್ರಿ ಬಾಯಾರ, ಗ್ವಾಡಿ ಮ್ಯಾಲ ಇರೂತನಾ ನನಗ ಭಾಳ ನಾಚಿಕಿ ಬರ್ತಿತ್ತು. ಕೈ ಏಳ್ತಿದ್ದಿಲ್ಲ. ಆಮ್ಯಾಲ ನೀವು ನಿಮ್ಮದು ಅಳಿಸಿದ್ರಿ. ಕಲತವರಿಗೇ ಅದೇನ್ ದೊಡ್ಡದಲ್ಲ ಅಂದಮ್ಯಾಲ ನನಗ ಏನ್ರಿ ಅಂತ ಅನಿಸ್ತು’ ಎಂದ. ಆಮೇಲೆ, ‘ಕೇಸ್ ಅಂದ್ರಿ. ಆದ್ರ ನಿಮ್ಮ ಮ್ಯಾಲೂ ಆಗ್ತದಲ್ರಿ?’ ಎಂದು ತೀರ ವಿನಯದಿಂದ ಕೇಳಿದ. ಚಹಾ ಬಂತು. ಕುಡಿಯದೆ ಎದ್ದು ಹೋಗುವಷ್ಟು ಸ್ವಾಭಿಮಾನ ನನ್ನಲ್ಲಿ ಉಳಿದಿರಲಿಲ್ಲ, ಕುಡಿದೆ. ಹೊರಡುವಾಗ, ‘ಇನ್ನ ಮ್ಯಾಲ ನಾನೂ ಹೊಡಿಯಂಗಿಲ್ಲ, ನೀನೂ ಹೊಡಿಬ್ಯಾಡಪಾ’ ಎಂದು ಕೈಮುಗಿದೆ. ಆತನೂ ಕೈಮುಗಿದ, ಆದರೆ ಹೂಂ ಅನ್ನಲಿಲ್ಲ.

ಅಂದು ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಅವರು ನಗಲಿಲ್ಲ. ಎದ್ದು ಹೋಗಿ ಕಿಟಕಿಯಿಂದ ಹೊರಗೆ ನೋಡಿ, ‘ನಮ್ಮ ಕಂಪೌಂಡ್ ಗ್ವಾಡಿ ಖಾಲಿ ಅದಲ್ಲ’ ಎಂದರು. ನಾವು ಇರುವುದು ಬಿಬವೇವಾಡಿಯಲ್ಲಿ, ಕೆಳಗಿನ ಮನೆ. ಯಾರ್ಡಿಗೆ ಹೋಗುವ ಹಮಾಲರೆಲ್ಲ ನಮ್ಮ ಗೋಡೆಯ ಬದಿಯಿಂದಲೇ ಹೋಗಬೇಕು, ಮಲ್ಲಪ್ಪನೂ ಕೂಡ. ಇಷ್ಟು ವರ್ಷದ ಸಂಸಾರದಲ್ಲಿ ಅವರು ದೋಷ ಬಿಟ್ಟು ಬೇರೊಂದನ್ನು ಹುಡುಕಿದ್ದು ಅದೇ ಮೊದಲು.

ಮರುದಿನ ಬಿಡುವಿನಲ್ಲಿ ಭಾಗ್ಯಶ್ರೀಯನ್ನು ಕರೆದೆ. ‘ಭಾಗ್ಯಾ, ನಮ್ಮ ಮನಿ ಮುಂದಿನ ಗ್ವಾಡಿ ಮ್ಯಾಲ ಬೆಲ್ಟು ಬರಿಯವಾ. ಹೋಗೂ ಬರೂ ಮಂದಿಗೆಲ್ಲಾ ಕಾಣ್ತದ, ನಿಮ್ಮಪ್ಪಗೂ ಕಾಣ್ತದ. ಅದರ ಮಗ್ಗಲಕ್ಕ ನನ್ನ ಕೋಲೂ ಬರಿ, ದೊಡ್ಡದಾಗಿ ಬರಿ’ ಎಂದೆ. ನನ್ನ ಮಾತಿಗೆ ನನ್ನ ಕಣ್ಣೇ ತುಂಬಿ ಬಂತು. ಅವಳು ನಾನು ಹೇಳಿದ್ದನ್ನೆಲ್ಲ ಪೂರಾ ಕೇಳಿಸಿಕೊಂಡಳು.

‘ಬ್ಯಾಡ್ರಿ ಬಾಯಾರ’ ಎಂದಳು.

‘ಯಾಕವಾ?’

‘ನೀವು ಮತ್ತ ಅಳಸ್ತೀರಿ.’

‘ಇಲ್ಲವಾ, ಈ ಸಲ ಖರೇನ ಅಳಸಂಗಿಲ್ಲ, ಆಣಿ ಮಾಡ್ತೀನಿ’ ಎಂದೆ. ನಾಳೆ ಖಂಡಿತ ಹೋಂವರ್ಕ್ ತರುತ್ತೇನೆ ಎನ್ನುವ ಮಕ್ಕಳನ್ನು ನಾನು ಹೇಗೆ ನೋಡುತ್ತೇನೋ ಹಾಗೆ ಅವಳು ನನ್ನನ್ನು ನೋಡಿದಳು. ಹೊಡೆಯಲಿಲ್ಲ, ಅಷ್ಟೆ.